ಹಳೆಯ ಬಂದರಿನ ಅಚ್ಚುಚಿತ್ರವನ್ನು ಪರೀಕ್ಷಿಸುವ ಮತ್ತು ಕಾಪಾಡುವ ಕ್ರಮ

ಬೆಳಗಾವಿಯ ಕ್ಯಾಂಪ್ ಭಾಗದ ಯಾವುದೋ ಹಳೆಯ ಬಂಗಲೆಯ ಸಾಮಾನುಗಳೊಂದಿಗೆ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕ್ಲೈಡ್ ನದಿಯ ದಡದಲ್ಲಿರುವ ಬ್ರೂಮಿಲಾ ಬಂದರಿನ ಹತ್ತೊಂಬತ್ತನೆಯ ಶತಮಾನದ ಅಚ್ಚುಚಿತ್ರವೊಂದು ಕೈಸೇರಿದರೆ, ಅದನ್ನು ಕೂಡಲೇ ಫ್ರೇಮಿನ ಅಂಗಡಿಗೆ ಒಯ್ಯಬಾರದು. ಚೌಕಟ್ಟಿಗೆ ಹೊಂದಲೆಂದು ಅಂಚನ್ನು ಕತ್ತರಿಸಿದರೆ, ಚಿತ್ರದ ವಯಸ್ಸನ್ನು ಹೇಳುವ ಸಾಕ್ಷ್ಯದ ಬಹುಭಾಗ ಆ ಚೂರುಗಳೊಂದಿಗೇ ಹೋಗಿಬಿಡುತ್ತದೆ.

ಮೊದಲು ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಹಾಳೆಯನ್ನು ಸ್ವಚ್ಛವಾದ ಮೇಜಿನ ಮೇಲೆ ಹರಡಿ, ಪಕ್ಕದಿಂದ ಓರೆಯಾಗಿ ಬೆಳಕು ಬೀಳುವಂತೆ ಮಾಡಿಕೊಳ್ಳಬೇಕು. ಚಿತ್ರದ ಸುತ್ತ ಕಾಗದ ಆಯತಾಕಾರದಲ್ಲಿ ತುಸು ತಗ್ಗಿದ್ದರೆ, ಅದು ತಾಮ್ರದ ಅಥವಾ ಉಕ್ಕಿನ ತಗಡಿನಿಂದ ಒತ್ತಿದ ಕೆತ್ತನೆ ಎಂದು ಊಹಿಸಬಹುದು. ಆ ತಗ್ಗಿಲ್ಲದೆ, ಬಣ್ಣದ ಕಡ್ಡಿಯಿಂದ ಬರೆದಂಥ ಒರಟು ಗೆರೆಗಳಿದ್ದರೆ ಕಲ್ಲಚ್ಚು ಇರಬಹುದು. ಹಾಳೆಯ ನಡುವೆ ಮಡಿಕೆಯಿದ್ದು ಹಿಂಬದಿಯಲ್ಲಿ ಸುದ್ದಿಯ ಬರಹವಿದ್ದರೆ, ಅದನ್ನು ಸಚಿತ್ರ ವಾರಪತ್ರಿಕೆಯ ಮರದಚ್ಚು ಎಂದು ಭಾವಿಸುವುದು ಸೂಕ್ತ. ಗಡಿಯಾರ ರಿಪೇರಿ ಮಾಡುವವರ ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಗಳ ಬದಲು ಸಾಲುಸಾಲಾದ ಚುಕ್ಕೆಗಳೇ ಕಂಡರೆ, ಅದು ಬಹುತೇಕ ಮೂಲ ಕೆತ್ತನೆಯ ಫೋಟೊದಿಂದ ಆಮೇಲೆ ಮಾಡಿದ ಪ್ರತಿ. ಇನ್ನು ಕೆಳಗಿನ ಅಂಚಿನಲ್ಲಿ ಸಾಮಾನ್ಯವಾಗಿ ಎಡಕ್ಕೆ ಚಿತ್ರಕಾರನ, ಬಲಕ್ಕೆ ಕೆತ್ತಿದವನ, ನಡುವೆ ಪ್ರಕಾಶಕನ ಹೆಸರಿರುತ್ತದೆ. ಅವನ್ನು ಅಕ್ಷರಶಃ ಬರೆದಿಟ್ಟುಕೊಳ್ಳಬೇಕು.

ಆಮೇಲೆ ಚಿತ್ರದ ಒಳಗನ್ನು ನಿಧಾನವಾಗಿ ನೋಡಬೇಕು; ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅತ್ಯಂತ ತೃಪ್ತಿ ಕೊಡುವ ಭಾಗವಿದು. ಬೇಸಿಗೆಯ ಮಲಪ್ರಭೆಯನ್ನು ಕಂಡವರಿಗೆ, ತೆಳುವಾದ ಹೊಳೆಯಲ್ಲಿ ಹಡಗು ತೇಲಿಸುವುದು ಎಷ್ಟು ಕಷ್ಟವೆಂದು ವಿವರಿಸಬೇಕಿಲ್ಲ. ಗ್ಲಾಸ್ಗೋದ ಬಳಿ ಕ್ಲೈಡ್ ನದಿ ಆಳವಿಲ್ಲದ್ದರಿಂದ, ದೊಡ್ಡ ಹಡಗುಗಳು ಬಹಳ ಕಾಲ ಕೆಳಹರಿವಿನ ಪೋರ್ಟ್ ಗ್ಲಾಸ್ಗೋದಲ್ಲೇ ನಿಲ್ಲಬೇಕಾಗಿತ್ತು. 1770ರ ದಶಕದಲ್ಲಿ ಎಂಜಿನಿಯರ್ ಜಾನ್ ಗೋಲ್ಬೋರ್ನ್ ದಡಗಳಿಂದ ಒಳಕ್ಕೆ ಕಲ್ಲಿನ ಒಡ್ಡುಗಳನ್ನು ಚಾಚಿ ಹರಿವನ್ನು ಇಕ್ಕಟ್ಟುಗೊಳಿಸಿದಾಗ, ನೀರೇ ತನ್ನ ತಳದ ಮರಳನ್ನು ಕೊಚ್ಚಿಕೊಂಡು ಹೋಯಿತು. ಮುಂದೆ ಉಗಿಯಂತ್ರಗಳಿಂದ ಹೂಳೆತ್ತುತ್ತ ಬಂದದ್ದರಿಂದ ನಗರದ ಮಧ್ಯಕ್ಕೇ ದೊಡ್ಡ ಹಡಗುಗಳು ಬರತೊಡಗಿದವು. ಹಾಗಾಗಿ ಚಿತ್ರದಲ್ಲಿ ಕಾಣುವ ಪಟಸ್ತಂಭಗಳ ದಟ್ಟಣೆಯೂ ಕಾಲದ ಸುಳಿವೇ. ಹೊಗೆಕೊಳವೆಯ ದೋಣಿಯಿದ್ದರೆ ಚಿತ್ರ 1812ಕ್ಕಿಂತ ಹಿಂದಿನದಾಗದು, ಏಕೆಂದರೆ ಹೆನ್ರಿ ಬೆಲ್ ಅವರ ಉಗಿದೋಣಿ ‘ಕಾಮೆಟ್’ ಈ ನದಿಯಲ್ಲಿ ಪ್ರಯಾಣಿಕರನ್ನು ಒಯ್ಯಲು ಆರಂಭಿಸಿದ್ದು ಆ ವರ್ಷ. ಹಿನ್ನೆಲೆಯಲ್ಲಿರುವುದು ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ರೂಪಿಸಿದ ಸೇತುವೆಯೆಂದು ಖಚಿತವಾದರೆ, ಅದು ಸಂಚಾರಕ್ಕೆ ತೆರೆದ 1836ನ್ನು ಗಮನಿಸಬೇಕು. ಆದರೆ ಇವೆಲ್ಲ ದೃಶ್ಯದ ಕಾಲವನ್ನಷ್ಟೇ ಹೇಳುತ್ತವೆ. ಅದೇ ತಗಡಿನಿಂದ ದಶಕಗಳ ನಂತರವೂ ಪ್ರತಿ ತೆಗೆದಿರಬಹುದು.

ಬೆಳಗಾವಿಯ ಮಳೆಗಾಲದ ತೇವ ಹಳೆಯ ಕಾಗದಕ್ಕೆ ದೊಡ್ಡ ಶತ್ರು. ಕಂದು ಕಲೆಗಳನ್ನು ಮನೆಯಲ್ಲಿ ತೊಳೆಯಲು ಹೋಗಬಾರದು; ಸೆಲ್ಲೋಟೇಪ್, ಗೋಂದು, ಲ್ಯಾಮಿನೇಷನ್ ಯಾವುದೂ ಸಲ್ಲದು. ಫ್ರೇಮ್ ಹಾಕಿಸುವಾಗ ಅಂಚನ್ನು ಪೂರ್ತಿಯಾಗಿ ಉಳಿಸಿ, ಚಿತ್ರಕ್ಕೂ ಗಾಜಿಗೂ ನಡುವೆ ಆಮ್ಲರಹಿತ ರಟ್ಟಿನ ಅಂತರವಿಡಲು, ಹಾರ್ಡ್‌ಬೋರ್ಡ್ ನೇರವಾಗಿ ಹಾಳೆಗೆ ತಾಗದಂತೆ ನೋಡಿಕೊಳ್ಳಲು ಅಂಗಡಿಯವರಿಗೆ ಮೊದಲೇ ಹೇಳಬೇಕು. ತೂಗುಹಾಕುವುದು ಮಳೆ ಬಡಿಯುವ ಹೊರಗೋಡೆಯ ಮೇಲಲ್ಲ, ಬಿಸಿಲು ನೇರವಾಗಿ ಬೀಳದ ಒಳಗೋಡೆಯ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಚೌಕಟ್ಟನ್ನು ಇಳಿಸಿ, ಹಿಂಬದಿಯಲ್ಲಿ ಬೂಷ್ಟು ಅಥವಾ ಗೆದ್ದಲು ಇದೆಯೇ ಎಂದು ಪರೀಕ್ಷಿಸಬೇಕು.