ಆಡಿದ ಕಥೆಗೆ ಓದುಗರನ್ನು ಹುಡುಕುವ ಬಗೆ

ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ತಿಂಗಳುಗಟ್ಟಲೆ ಒಂದೇ ಕಥೆಯನ್ನು ಬೆಳೆಸುವ ಆಟ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಜಗತ್ತಿಗೆ ಪರಿಚಯವಾಯಿತು. ಆಡಿದ್ದನ್ನು ಬರೆದಿಡುವ ಆಸೆ ಆಡಿದವರಲ್ಲಿ ಹಲವರಿಗೆ ಇರುತ್ತದೆ; ಬರೆದದ್ದಕ್ಕೆ ಓದುಗರು ಸಿಗುವುದು ಕಷ್ಟ. ಬದಿಯಡ್ಕದ ಸಮೀಪದ ಒಂದು ಮನೆಯ ಚಾವಡಿಯಲ್ಲಿ ಎರಡು ವರ್ಷ ನಡೆದ ನಮ್ಮ ಆಟದ ಕಥನವನ್ನು ಕನ್ನಡದಲ್ಲಿ ಬರೆದು ಓದುಗರನ್ನು ಅರಸಿದ ಅನುಭವದಿಂದ, ಕಾಸರಗೋಡಿನಲ್ಲಿ ಈ ಕೆಲಸಕ್ಕೆ ಇಳಿಯುವವರಿಗೆ ಕೆಲವು ಮಾತುಗಳನ್ನು ಹೇಳುತ್ತೇನೆ.

ಆಟವನ್ನು ಬಲ್ಲವರೇ ತಮ್ಮ ಓದುಗರೆಂದು ಎಣಿಸಬೇಡಿ. ಕನ್ನಡದಲ್ಲಿ ಅಂಥವರು ಕಡಿಮೆ, ಇರುವವರಿಗೂ ತಮ್ಮ ಆಟದ ಕಥೆಯನ್ನು ಹೇಳುವ ತವಕವೇ ಹೆಚ್ಚು. ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲವಾದ ಕುಂಬಳೆ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಬಳಗವೊಂದು ಆಗಲೇ ಸಿದ್ಧವಾಗಿದೆ: ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಶ್ರೋತೃಗಳು. ಪ್ರಸಂಗದ ಕಥೆ ಅವರಿಗೆ ಬಾಯಿಪಾಠವಾಗಿದ್ದರೂ, ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಏನು ಮಾತಾಡುತ್ತಾರೆ, ಎದುರು ಪಾತ್ರದವರು ಅದಕ್ಕೆ ಹೇಗೆ ಉತ್ತರಿಸುತ್ತಾರೆ ಎಂಬುದು ಆ ಹೊತ್ತಿನಲ್ಲೇ ಹುಟ್ಟುವಂಥದ್ದಾದ್ದರಿಂದ, ಅದನ್ನು ಕೇಳಲೆಂದೇ ಅವರು ರಾತ್ರಿಯಿಡೀ ಕುಳಿತಿರುತ್ತಾರೆ. ಸನ್ನಿವೇಶಗಳನ್ನು ಹೇಳುತ್ತ ಆಟ ನಡೆಸುವವರನ್ನು ಭಾಗವತರಿಗೂ ಆಡುವವರನ್ನು ಅರ್ಥಧಾರಿಗಳಿಗೂ ಹೋಲಿಸಿ, ಇಲ್ಲಿ ಸೋಲು ಗೆಲುವು ಮೊದಲೇ ನಿಶ್ಚಯವಾಗಿಲ್ಲ, ದಾಳ ಬಿದ್ದ ಮೇಲೆ ತಿಳಿಯುತ್ತದೆ ಎಂದು ಹೇಳಿದರೆ ಸಾಕು. ನಮ್ಮೂರಿನ ಹಿರಿಯರಿಗೂ ಆಟದ ಸ್ವರೂಪ ತಕ್ಷಣ ತಿಳಿಯುತ್ತದೆ. ನನ್ನ ಕಥನದ ಮೊದಲ ನಿಷ್ಠಾವಂತ ಓದುಗರು ದಾಳವನ್ನು ಕೈಯಲ್ಲಿ ಹಿಡಿದವರೇ ಅಲ್ಲ, ತಾಳಮದ್ದಳೆ ಕೂಟಗಳಲ್ಲಿ ಅರ್ಥ ಹೇಳುವ ನಿವೃತ್ತ ಅಧ್ಯಾಪಕರೊಬ್ಬರು.

ಇಂಥ ಓದುಗರು ಉಳಿಯಬೇಕಾದರೆ ಬರಹದ ರೀತಿ ಬದಲಾಗಬೇಕು. ಆಡುವಾಗ ಬರೆದುಕೊಂಡ ಟಿಪ್ಪಣಿಯಲ್ಲಿ ‘17 ಬಿತ್ತು, ಪೆಟ್ಟು ತಾಗಿತು, 8 ಅಂಕ ಕಳೆಯಿತು’ ಎಂಬಂಥ ಸಾಲುಗಳೇ ತುಂಬಿರುತ್ತವೆ. ಅವನ್ನು ಹಾಗೆಯೇ ಕಥನಕ್ಕೆ ಇಳಿಸಿದರೆ ಎರಡನೆಯ ಪುಟಕ್ಕೆ ಓದುಗರು ಎದ್ದು ಹೋಗುತ್ತಾರೆ. ಹಾಗೆಂದು ದಾಳವನ್ನು ಪೂರ್ತಿ ಅಳಿಸಿ ಸಾಮಾನ್ಯ ಕಾದಂಬರಿಯಂತೆ ಬರೆಯುವುದೂ ಸರಿಯಲ್ಲ, ಏಕೆಂದರೆ ಬರೆದವರಿಗೂ ಮುಂದೇನೆಂದು ತಿಳಿದಿರಲಿಲ್ಲ ಎಂಬುದೇ ಈ ಬರಹದ ಜೀವ. ಪಾತ್ರದ ಹಣೆಬರಹ ತಿರುಗಿದ ಕಡೆ ಮಾತ್ರ ದಾಳವನ್ನು ಕಾಣಿಸಿ. ನಮ್ಮ ಕಥೆಯಲ್ಲಿ ತುಂಬಿ ಹರಿಯುವ ಚಂದ್ರಗಿರಿ ಹೊಳೆಯನ್ನು ದೋಣಿಯಲ್ಲಿ ದಾಟುವಾಗ, ಇಪ್ಪತ್ತು ಮುಖಗಳ ದಾಳದಲ್ಲಿ ಒಂದು ಬಿದ್ದು, ಎಲ್ಲರ ನೆಚ್ಚಿನ ಅಂಬಿಗ ನೀರುಪಾಲಾದ. ನೂರರಲ್ಲಿ ಐದು ಪಾಲು ಮಾತ್ರ ಸಾಧ್ಯತೆಯಿದ್ದ ಆ ಕ್ಷಣದಲ್ಲಿ ಚಾವಡಿ ಹೇಗೆ ಮೌನವಾಯಿತು, ಅಂಬಿಗನ ಪಾತ್ರ ವಹಿಸಿದ್ದ ಹುಡುಗಿ ಏನೆಂದಳು ಎಂಬುದನ್ನೂ ಬರೆದೆ. ಓದಿದವರು ಇಂದಿಗೂ ನೆನಪಿಸುವುದು ಆ ಭಾಗವನ್ನೇ. ಜಪಾನಿನಲ್ಲಿ 1986ರಲ್ಲಿ ಕಂಪ್ಟಿಕ್ ಎಂಬ ಪತ್ರಿಕೆ ಇಂಥ ಆಟವೊಂದರ ಮಾತುಕತೆಯನ್ನು ಸಂಭಾಷಣೆಯ ರೂಪದಲ್ಲೇ ಧಾರಾವಾಹಿಯಾಗಿ ಪ್ರಕಟಿಸತೊಡಗಿತು. ಅಲ್ಲಿ ರಿಪ್ಲೇ ಎಂದು ಕರೆಯುವ ಈ ಪ್ರಕಾರ ಇಂದು ಪುಸ್ತಕದ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ಆಡುವವರ ಮಾತು, ನಗು, ಜಗಳ ಓದುಗರಿಗೆ ಬೇಡದ ವಸ್ತುವಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ತುಳು, ಮಲಯಾಳ, ಹವ್ಯಕ ಕನ್ನಡಗಳು ಬೆರೆಯುವ ನಮ್ಮ ಚಾವಡಿಯ ಮಾತನ್ನು ಸಂಭಾಷಣೆಯಲ್ಲಿ ಹಾಗೆಯೇ ಉಳಿಸಿಕೊಳ್ಳಿ; ನಿರೂಪಣೆ ಮಾತ್ರ ಎಲ್ಲ ಕನ್ನಡಿಗರಿಗೂ ತಿಳಿಯುವಂತಿರಲಿ.

ಪ್ರಕಟಿಸುವ ಮೊದಲು ಜೊತೆಗೆ ಆಡಿದವರೆಲ್ಲರ ಒಪ್ಪಿಗೆ ಪಡೆಯಿರಿ. ಪಾತ್ರದ ಮಾತು ಅವರದು, ಕಥೆ ಎಲ್ಲರದು. ಭೂತ, ತೆಯ್ಯಂಗಳನ್ನು ಕಥೆಗೆ ತರುವ ಆಸೆಯಾದರೆ, ಆರಾಧನೆಯಲ್ಲಿರುವ ದೈವದ ಹೆಸರನ್ನು ಆಟದ ಶತ್ರುವಿಗೆ ಇಡಬೇಡಿ. ಓದುಗರು ದೂರವಾಗುತ್ತಾರೆ ಎಂಬುದಕ್ಕಿಂತ, ನಮ್ಮ ಮನೆಯವರ ನಂಬಿಕೆ ಅದು ಎಂಬುದು ನನಗೆ ದೊಡ್ಡ ಕಾರಣ.

ಐದು ಕಂತುಗಳಾದರೂ ಕೈಯಲ್ಲಿ ಸಿದ್ಧವಿಲ್ಲದೆ ಮೊದಲನೆಯದನ್ನು ಹೊರಗೆ ಬಿಡಬೇಡಿ. ನಡುವೆ ಮೂರು ವಾರ ನಿಂತ ಕಥೆಗೆ ಓದುಗರು ಮರಳುವುದು ಅಪರೂಪ. ಒಂದು ಕಂತು ಸಾವಿರ ಪದಗಳ ಒಳಗಿರಲಿ, ಆರಂಭದಲ್ಲಿ ಹಿಂದಿನ ಕಥೆ ನಾಲ್ಕು ಸಾಲಿನಲ್ಲಿ ಬರಲಿ. ವಾಟ್ಸಾಪ್ ಗುಂಪಿಗೆ ಒಮ್ಮೆಲೇ ಕಳುಹಿಸಿದ ಬರಹವನ್ನು ಯಾರೂ ತಮಗಾಗಿ ಬಂದದ್ದೆಂದು ಭಾವಿಸುವುದಿಲ್ಲವಾದ್ದರಿಂದ, ಹತ್ತು ಮಂದಿಗೆ ಬೇರೆ ಬೇರೆಯಾಗಿ, ಅವರಿಗೆ ಈ ಕಂತು ಏಕೆ ಹಿಡಿಸಬಹುದೆಂದು ಒಂದು ಸಾಲು ಬರೆದು ಕಳುಹಿಸಿ. ವಾರದ ನಂತರ ‘ಹೇಗಿತ್ತು’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ‘ಎಲ್ಲಿ ಓದು ನಿಲ್ಲಿಸಿದಿರಿ’ ಎಂದು ಕೇಳಿ. ಮೂವರು ಒಂದೇ ಜಾಗವನ್ನು ತೋರಿಸಿದರೆ ಅದನ್ನು ತಿದ್ದಿದ ಮೇಲೆಯೇ ಪ್ರತಿಲಿಪಿಯಂಥ ಆನ್‌ಲೈನ್ ಬರಹ ತಾಣದಲ್ಲಿ ಹಾಕಿ, ವಾರದ ಒಂದೇ ದಿನ ತಪ್ಪದೆ ಮುಂದುವರಿಸಿ.

ಕೇರಳದಲ್ಲಿ ಗ್ರಂಥಾಲಯ ಚಳವಳಿಯ ಹರಿಕಾರ ಪಿ. ಎನ್. ಪಣಿಕ್ಕರರ ನೆನಪಿಗೆ ಜೂನ್ 19ರಂದು ಆಚರಿಸುವ ವಾಚನಾ ದಿನವನ್ನು ನಮ್ಮ ಕನ್ನಡ ಬರಹಗಾರರು ಸಾಕಷ್ಟು ಬಳಸಿಕೊಂಡಿಲ್ಲ. ಆ ವಾರ ಶಾಲೆಗಳೂ ಗ್ರಂಥಾಲಯಗಳೂ ಓದಿನ ಕಾರ್ಯಕ್ರಮಗಳನ್ನು ನಡೆಸುತ್ತವೆ. ಮೇ ತಿಂಗಳಲ್ಲೇ ಊರಿನ ಗ್ರಂಥಾಲಯದವರನ್ನು ಕಂಡು, ನಿಮ್ಮ ಕಥನದಿಂದ ಸ್ವತಂತ್ರವಾಗಿ ನಿಲ್ಲುವ ಒಂದು ಕಂತನ್ನು ಗಟ್ಟಿಯಾಗಿ ಓದಲು ಹದಿನೈದು ನಿಮಿಷ ಕೇಳಿ. ಓದುವಾಗ ಪಾತ್ರಗಳನ್ನು ಹಂಚಿಕೊಂಡು ಆಡಿದವರೇ ಓದಲಿ, ದಾಳ ಮೇಜಿನ ಮೇಲಿರಲಿ, ನಿರ್ಣಾಯಕ ಜಾಗಕ್ಕೆ ಬಂದಾಗ ಓದು ನಿಲ್ಲಿಸಿ ಅದನ್ನು ಸಭೆಯಲ್ಲಿರುವ ಮಗುವಿನ ಕೈಗೆ ಕೊಡಿ. ಬಿದ್ದ ಅಂಕ ಯಾವುದಾದರೂ ಇರಲಿ, ಆ ದಿನ ನಿಮ್ಮ ಆಟದಲ್ಲಿ ನಿಜಕ್ಕೂ ಏನಾಯಿತೆಂಬುದು ಮುಂದಿನ ಪುಟದಲ್ಲಿದೆ ಎಂದು ಹೇಳಿ, ಮುದ್ರಿಸಿ ಹೊಲಿದ ಪ್ರತಿಯನ್ನು ಗ್ರಂಥಾಲಯದಲ್ಲೇ ಬಿಟ್ಟು ಬನ್ನಿ.