ಒಡೆದ ಡ್ರ್ಯಾಗ್ ಎಂಜಿನ್, ಮೂರು ಸಾವಿರ ಡಾಲರ್: ಎಲ್ಲಿ ಖರ್ಚು ಮಾಡಿದೆ, ಎಲ್ಲಿ ಕೈಬಿಟ್ಟೆ

ಕಾರು 1972ರ ಶೆವಿ ನೋವಾ. ಎಂಜಿನ್ 350 ಸ್ಮಾಲ್ ಬ್ಲಾಕ್ (350 ಘನ ಇಂಚಿನ, ಎಂಟು ಸಿಲಿಂಡರಿನ ಶೆವಿ ಎಂಜಿನ್), ಗೇರ್‌ಬಾಕ್ಸ್ ಟಿಎಚ್350, ಮೇಲೆ ಕಾರ್ಬ್ಯುರೇಟರ್. ಒಹಾಯೋದ ಕ್ವಾರ್ಟರ್ ಮೈಲ್ (ಕಾಲು ಮೈಲಿಯ ನೇರ) ಡ್ರ್ಯಾಗ್ ಟ್ರ್ಯಾಕ್‌ನಲ್ಲಿ ಬ್ರಾಕೆಟ್ ರೇಸ್‌ಗೆ ಮಾತ್ರ ಓಡುವ ಗಾಡಿ, 12 ಸೆಕೆಂಡಿನ ಆಸುಪಾಸಿನದು. 5ನೇ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಕೆಳಬದಿ ಒಡೆದುಕೊಂಡು ಆಚೆ ಬಂತು. ಮತ್ತೆ ಕಟ್ಟಲು ಇಟ್ಟುಕೊಂಡ ಮಿತಿ 3,000 ಡಾಲರ್. ಕೆಳಗಿನ ಉದ್ದದ ಅಳತೆಗಳೆಲ್ಲ ಇಂಚಿನಲ್ಲಿವೆ. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು.

ಬ್ರಾಕೆಟ್ ರೇಸಿಂಗ್ ಗೊತ್ತಿಲ್ಲದವರಿಗೆ ಒಂದು ಮಾತು. ನಿಮ್ಮ ಗಾಡಿ ಎಷ್ಟು ಸೆಕೆಂಡಿನಲ್ಲಿ ಓಡುತ್ತದೆಂದು ನೀವೇ ಗಾಜಿನ ಮೇಲೆ ಬರೆದುಕೊಳ್ಳುತ್ತೀರಿ. ನಿಧಾನದ ಗಾಡಿಗೆ ಆ ವ್ಯತ್ಯಾಸದಷ್ಟು ಮುಂಚೆ ಹಸಿರು ದೀಪ ಸಿಗುತ್ತದೆ. ಬರೆದದ್ದಕ್ಕಿಂತ ಬೇಗ ಓಡಿದರೆ ಸೋಲು. ಹಾಗಾಗಿ 50 ಅಶ್ವಶಕ್ತಿ ಹೆಚ್ಚಾದರೆ ಗೆಲುವು ಹೆಚ್ಚಾಗುವುದಿಲ್ಲ, ಬೆಳಿಗ್ಗೆಯೂ ಸಂಜೆಯೂ ಒಂದೇ ಟೈಮ್ ಕೊಡುವ ಎಂಜಿನ್ ಬೇಕು. ನನ್ನ ಖರ್ಚಿನ ಲೆಕ್ಕವೆಲ್ಲ ಈ ಒಂದು ವಿಷಯದ ಮೇಲೆ ನಿಂತಿದೆ. ದುಡ್ಡು ಮೊದಲು ಬೇರಿಂಗ್, ರಾಡ್, ಎಣ್ಣೆಗೆ. ಉಳಿದರೆ ಸಿಲಿಂಡರ್ ಹೆಡ್ಡಿಗೆ.

ಬಿಡಿಭಾಗಗಳ ಕ್ಯಾಟಲಾಗ್ ತೆರೆಯುವ ಮೊದಲು ಒಡೆದ ಎಂಜಿನ್ನಿನ ಪೋಸ್ಟ್‌ಮಾರ್ಟಂ ಆಗಬೇಕು. ಪ್ರತಿ ಬೇರಿಂಗ್ ಶೆಲ್ಲಿನ ಹಿಂಬದಿಗೆ ಮಾರ್ಕರ್‌ನಲ್ಲಿ ನಂಬರ್ ಬರೆದು ಸಾಲಾಗಿ ಇಟ್ಟೆ. ಮೇಲಿನ ರಾಡ್ ಶೆಲ್ಲುಗಳಷ್ಟೇ ಎಲ್ಲಾ ಸಿಲಿಂಡರಿನಲ್ಲೂ ಜಜ್ಜಿದ್ದರೆ ಕಾರಣ ಡಿಟೊನೇಷನ್, ಅಂದರೆ ಪೆಟ್ರೋಲ್ ಹದವಾಗಿ ಉರಿಯದೆ ಸಿಡಿಯುವುದು; ಆಗ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿಯ ಮೇಲೆ ಅಲ್ಯುಮಿನಿಯಂ ಚುಕ್ಕೆಗಳೂ ಕಾಣುತ್ತವೆ. ಪಿಸ್ಟನ್ನಿನ ಮೇಲಿನ ಅಂಚು ಕಳಚಿ, ಟಾಪ್ ರಿಂಗಿನ ತುದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ರಿಂಗ್ ಗ್ಯಾಪ್ ಸಾಲದೆ ತುದಿಗೆ ತುದಿ ಗುದ್ದಿದೆ. ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರದ ಗುರುತಿದ್ದರೆ ವಾಲ್ವ್ ಸ್ಪ್ರಿಂಗ್ ಸೋತಿದೆ. ಇಲ್ಲಿ ಇವು ಯಾವುವೂ ಇರಲಿಲ್ಲ. ಮೇನ್ ಬೇರಿಂಗ್‌ಗಳಲ್ಲಿ ಗೀರುಗಳು, ಕೆಲವು ರಾಡ್ ಶೆಲ್ಲುಗಳಲ್ಲಿ ತಾಮ್ರ ಕಾಣುವಷ್ಟು ಸವೆತ, 5 ಮತ್ತು 6ನೇ ರಾಡುಗಳು ಕೂರುವ ಜರ್ನಲ್ (ಕ್ರ್ಯಾಂಕಿನ ದುಂಡು ಭಾಗ) ನೀಲಿಗಟ್ಟಿತ್ತು. ಈ ಎಂಜಿನ್‌ನಲ್ಲಿ ಪಕ್ಕಪಕ್ಕದ ಎರಡು ರಾಡ್ ಒಂದೇ ಜರ್ನಲ್ ಮೇಲಿರುತ್ತವೆ. ಒಂದು ಹೋದರೆ ಜೊತೆಯದೂ ಹೋಯಿತೆಂದೇ ತಿಳಿಯಬೇಕು. ಒಟ್ಟಿನಲ್ಲಿ ಇದು ಎಣ್ಣೆ ಸಿಗದೆ ಸತ್ತ ಎಂಜಿನ್.

ಎಣ್ಣೆ ಯಾಕೆ ಸಿಗಲಿಲ್ಲ? ಸ್ಮಾಲ್ ಬ್ಲಾಕಿನ ಆಯಿಲ್ ಪ್ಯಾನ್‌ನಲ್ಲಿ ಗುಂಡಿ ಇರುವುದು ಹಿಂಬದಿಯಲ್ಲಿ. ಗಾಡಿ ಚಿಮ್ಮುವಾಗ ಎಣ್ಣೆ ತಾನಾಗಿಯೇ ಹಿಂದಕ್ಕೆ ಹೋಗಿ ಪಿಕಪ್ (ಪಂಪಿಗೆ ಎಣ್ಣೆ ಹೀರುವ ಕೊಳವೆ) ಮುಳುಗಿರುತ್ತದೆ. ತೊಂದರೆ ಫಿನಿಶ್ ಲೈನ್ ದಾಟಿ ಜೋರಾಗಿ ಬ್ರೇಕ್ ಒತ್ತಿದಾಗ: ಎಣ್ಣೆಯೆಲ್ಲ ಮುಂದಕ್ಕೆ ನುಗ್ಗುತ್ತದೆ, ಎಂಜಿನ್ ಇನ್ನೂ ಐದು ಸಾವಿರ ಆರ್‌ಪಿಎಂ ಸುತ್ತುತ್ತಿರುತ್ತದೆ, ಪಿಕಪ್ ಗಾಳಿ ಕುಡಿಯುತ್ತದೆ. ಸ್ಟಾಕ್ ಪ್ಯಾನ್ ಹಾಕಿ ಓಡಿಸುವವರ ಎಂಜಿನ್‌ಗಳು ಹೀಗೇ ಹೋಗುವುದು, ರೇಸ್ ಮುಗಿದ ಮೇಲೆ. ಇದು ಗೊತ್ತಾಗದೆ ದುಬಾರಿ ರಾಡ್ ಹಾಕಿ ಅದೇ ಪ್ಯಾನ್ ಕಟ್ಟಿದ್ದರೆ ಮುಂದಿನ ಸೀಸನ್ನಿಗೂ ಇದೇ ಪಾಡು.

ಇನ್ನು ಬ್ಲಾಕ್. ತೂತು ಬಿದ್ದ ಬ್ಲಾಕನ್ನು ವೆಲ್ಡ್ ಮಾಡಿಸಿ, ಗೀರಿದ ಸಿಲಿಂಡರಿಗೆ ಸ್ಲೀವ್ ಕೂರಿಸಬಹುದು. ಆದರೆ 350 ಬ್ಲಾಕ್ ಗುಜರಿಯಲ್ಲಿ ಸಿಗುವ ಬೆಲೆಗೆ ಆ ಕೆಲಸ ಮೂಗಿಗಿಂತ ಮೂಗುತಿ ಭಾರ. 383 ಸ್ಟ್ರೋಕರ್ ಕಿಟ್ ಆಸೆ ಹುಟ್ಟಿಸುತ್ತದೆ: 3.48ರ ಬದಲು 3.75 ಇಂಚಿನ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಟಾರ್ಕ್ ಕೈತುಂಬ. ಆದರೆ ಪ್ಯಾನ್ ರೈಲಿನ ಒಳಬದಿ ಗ್ರೈಂಡ್ ಮಾಡಬೇಕು, ರಾಡ್ ಬೋಲ್ಟ್ ಕ್ಯಾಮ್‌ಗೆ ತಗುಲುತ್ತದೆಯೇ ನೋಡಬೇಕು, ಆಮೇಲೆ ಹೆಚ್ಚಿದ ಟಾರ್ಕಿಗೆ ಕನ್ವರ್ಟರ್, ಟೈರ್, ಆಕ್ಸಲ್ ಒಂದೊಂದಾಗಿ ಕೈಚಾಚುತ್ತವೆ. ಎಲ್ಲರೂ ಹೇಳುವ ಇನ್ನೊಂದು ದಾರಿ ಹಳೆ ಟ್ರಕ್ಕಿನ 5.3 ಎಲ್‌ಎಸ್, ಅಂದರೆ ಶೆವಿಯದೇ ಮುಂದಿನ ತಲೆಮಾರಿನ 5.3 ಲೀಟರ್ ಎಂಜಿನ್. ಎಂಜಿನ್ ಅಗ್ಗ ಮತ್ತು ಗಟ್ಟಿ, ಒಪ್ಪುತ್ತೇನೆ. ಶೂನ್ಯದಿಂದ ಗಾಡಿ ಕಟ್ಟುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಹೆಡರ್, ಇಗ್ನಿಷನ್, ಕಾರ್ಬ್ಯುರೇಟರ್, ಮೌಂಟ್ ಎಲ್ಲವೂ ಸ್ಮಾಲ್ ಬ್ಲಾಕಿನದೇ ಇರುವಾಗ ಮಾತ್ರ ಲೆಕ್ಕ ಕೂಡುವುದಿಲ್ಲ. ಕಂಪ್ಯೂಟರ್, ವೈರಿಂಗ್, 58 ಪಿಎಸ್‌ಐ ಫ್ಯೂಯಲ್ ಪಂಪ್, ಬೇರೆ ಮೌಂಟ್, ಬೇರೆ ಹೆಡರ್ ಸೇರಿದರೆ ಎಂಜಿನ್ನಿನ ಬೆಲೆಯೇ ಚಿಲ್ಲರೆ ಅನ್ನಿಸುತ್ತದೆ.

ಆಯ್ದುಕೊಂಡದ್ದು 1996ರಿಂದ 2000ದವರೆಗಿನ ಟ್ರಕ್ಕುಗಳಲ್ಲಿ ಬಂದ ವೋರ್ಟೆಕ್ 5.7, ಅಂದರೆ ಎಲ್31. ಗುಜರಿಯಿಂದ ಇಡೀ ಎಂಜಿನ್ ತಂದರೆ ಅದರಲ್ಲಿ ರೋಲರ್ ಕ್ಯಾಮ್‌ಗೆ ತಯಾರಾದ ಬ್ಲಾಕ್, ರೋಲರ್ ಲಿಫ್ಟರ್ (ಕ್ಯಾಮ್ ಮೇಲೆ ಉರುಳುತ್ತಾ ವಾಲ್ವ್ ಎತ್ತುವ ಭಾಗ), ಅವುಗಳನ್ನು ಹಿಡಿದಿಡುವ ಸ್ಪೈಡರ್ ತಗಡು, 64 ಸಿಸಿ ಚೇಂಬರಿನ ಒಳ್ಳೆಯ ಎರಕದ ಹೆಡ್ ಎಲ್ಲಾ ಬರುತ್ತವೆ. ಬ್ಲಾಕಿನ ಹಿಂದೆ 10243880, ಹೆಡ್ಡಿನ ಮೇಲೆ 906 ಅಥವಾ 062ರಲ್ಲಿ ಕೊನೆಗೊಳ್ಳುವ ಎರಕದ ನಂಬರ್ ನೋಡಿ. ರೋಲರ್ ಕ್ಯಾಮ್‌ನಿಂದ ಇನ್ನೊಂದು ದೊಡ್ಡ ಉಳಿತಾಯ: ಹಳೆಯ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಮೊದಲ ಅರ್ಧ ಗಂಟೆಯಲ್ಲೇ ಸವೆದು ಕಬ್ಬಿಣದ ಪುಡಿಯನ್ನು ಹೊಸ ಬೇರಿಂಗಿಗೆ ತುಂಬುವ ಭಯ ಇಲ್ಲ.

ಈ ಅದಲುಬದಲಿನಲ್ಲಿ ಅಡಗಿರುವ ಖರ್ಚುಗಳಿವೆ, ಮೊದಲೇ ಪಟ್ಟಿಗೆ ಸೇರಿಸಿಕೊಳ್ಳಿ. 1986ರಿಂದ ಈಚಿನ ಬ್ಲಾಕಿನಲ್ಲಿ ಹಿಂದಿನ ಮೇನ್ ಸೀಲ್ ಒಂದೇ ತುಂಡಿನದು, ಅದಕ್ಕೂ ಮುಂಚಿನದರಲ್ಲಿ ಎರಡು ತುಂಡು. ಹಳೆ ಆಯಿಲ್ ಪ್ಯಾನ್ ಕೂರುವುದಿಲ್ಲ. ಹಳೆ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕನ್ನು ಗೇರ್‌ಬಾಕ್ಸಿಗೆ ಜೋಡಿಸುವ ತಟ್ಟೆ) ಕೂಡ ಕೂರುವುದಿಲ್ಲ. ಬೋಲ್ಟ್ ವೃತ್ತ 3.58ರಿಂದ 3.00 ಇಂಚಿಗೆ ಇಳಿದಿದೆ, ಜೊತೆಗೆ ಹೊಸದರಲ್ಲಿ ಬ್ಯಾಲೆನ್ಸ್ ತೂಕ ಇರಬೇಕು. ವೋರ್ಟೆಕ್ ಹೆಡ್ಡಿಗೆ ಎಂಟು ಬೋಲ್ಟಿನ ಬೇರೆಯದೇ ಇಂಟೇಕ್ ಮ್ಯಾನಿಫೋಲ್ಡ್ ಬೇಕು. ನನ್ನದು ಸೆಕೆಂಡ್ ಹ್ಯಾಂಡ್. ಈ ಬ್ಲಾಕುಗಳಲ್ಲಿ ಹೆಚ್ಚಿನವಕ್ಕೆ ಮೆಕ್ಯಾನಿಕಲ್ ಫ್ಯೂಯಲ್ ಪಂಪಿನ ಜಾಗ ಕೊರೆದಿರುವುದಿಲ್ಲ. ಮೊದಲೇ ಎಲೆಕ್ಟ್ರಿಕ್ ಪಂಪ್ ಇದ್ದ ಗಾಡಿಯಾದ್ದರಿಂದ ಆ ಖರ್ಚು ತಪ್ಪಿತು.

ಮೆಷಿನ್ ಶಾಪ್‌ಗೆ ಕೊಡುವ ಕೆಲಸ ಹಂತಹಂತವಾಗಿ ಕೊಡಿ. ಮೊದಲು ತೊಳೆದು ಬ್ಲಾಕ್, ಕ್ರ್ಯಾಂಕ್, ಹೆಡ್ ಮೂರನ್ನೂ ಮ್ಯಾಗ್ನಾಫ್ಲಕ್ಸ್ (ಆಯಸ್ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ) ಮಾಡಿಸಬೇಕು. ವೋರ್ಟೆಕ್ ಹೆಡ್ಡಿನ ವಾಲ್ವ್ ಸೀಟುಗಳ ನಡುವೆ ಬಿರುಕು ಸಾಮಾನ್ಯ. ಫಲಿತಾಂಶ ಬರುವ ತನಕ ಪಿಸ್ಟನ್ನಿಗೆ ಆರ್ಡರ್ ಹಾಕಬೇಡಿ, ಏಕೆಂದರೆ ಸಿಲಿಂಡರಿನ ಬೋರ್ 30 ಥೌ ಅಗಲಿಸಿದರೆ ಸರಿಹೋಗುತ್ತದೋ 40 ಬೇಕೋ ಆಗಲೇ ಗೊತ್ತಾಗುವುದು. ನನ್ನದು 30ರಲ್ಲಿ ಸರಿಹೋಯಿತು. ಹೋನಿಂಗ್ (ಸಿಲಿಂಡರಿನ ಒಳಗೋಡೆ ಉಜ್ಜುವುದು) ಮಾಡುವಾಗ ಡೆಕ್, ಅಂದರೆ ಹೆಡ್ ಕೂರುವ ಬ್ಲಾಕಿನ ಮೇಲ್ಮೈ, ಮೇಲೆ ಟಾರ್ಕ್ ಪ್ಲೇಟ್ ಬಿಗಿಯಲೇಬೇಕೆಂದು ಹೇಳಿ. ಹೆಡ್ ಬೋಲ್ಟ್ ಎಳೆದಾಗ ಸಿಲಿಂಡರ್ ಸೊಟ್ಟಗಾಗುತ್ತದೆ. ಪ್ಲೇಟ್ ಇಲ್ಲದೆ ದುಂಡಗೆ ಹೋನ್ ಮಾಡಿದ್ದು ಹೆಡ್ ಕೂರಿಸಿದ ಮೇಲೆ ದುಂಡಗೆ ಉಳಿಯುವುದಿಲ್ಲ. ಕ್ರ್ಯಾಂಕ್ ಎರಕದ್ದೇ. 6000 ಆರ್‌ಪಿಎಂ ಒಳಗೆ, 400 ಅಶ್ವಶಕ್ತಿಗೆ ಅದು ಸಾಕು. ಪಾಲಿಶ್ ಮಾಡಿಸಿದ್ದಷ್ಟೇ.

ರಾಡ್ ವಿಷಯದಲ್ಲಿ ಜನ ಎಡವುತ್ತಾರೆ. ಸ್ಟಾಕ್ ರಾಡಿಗೆ ಒಳ್ಳೆಯ ಬೋಲ್ಟ್ ಒತ್ತಿ ಕೂರಿಸಿದರೆ ದೊಡ್ಡ ಕಣ್ಣು (ಕ್ರ್ಯಾಂಕಿಗೆ ಕೂರುವ ತೂತು) ಸೊಟ್ಟಗಾಗುತ್ತದೆ, ಎಂಟನ್ನೂ ರೀಸೈಜ್ ಮಾಡಿಸಲೇಬೇಕು. ಬೋಲ್ಟಿನ ಬೆಲೆ, ಕೂಲಿ ಎರಡೂ ಸೇರಿದರೆ 4340 ಉಕ್ಕಿನ ಅಗ್ಗದ ಐ-ಬೀಮ್ ಹೊಸ ರಾಡುಗಳ ಹತ್ತಿರಕ್ಕೆ ಬರುತ್ತದೆ. ಹಾಗಾಗಿ 5.7 ಇಂಚಿನ ಹೊಸ ರಾಡನ್ನೇ ತಂದೆ. ಪಿಸ್ಟನ್ನಿನಲ್ಲಿ ಪಿನ್ ಲಾಕ್ ಕೂರುವ ಗ್ರೂವ್ ಇದ್ದರೆ ಮಾತ್ರ ಬುಶ್ ಇರುವ ರಾಡ್ ತನ್ನಿ, ಇಲ್ಲದಿದ್ದರೆ ಪ್ರೆಸ್ ಫಿಟ್. ತೂಕ ಬದಲಾದ್ದರಿಂದ ಬ್ಯಾಲೆನ್ಸಿಂಗ್ ಕಡ್ಡಾಯ, ಫ್ಲೆಕ್ಸ್‌ಪ್ಲೇಟ್ ಮತ್ತು ಡ್ಯಾಂಪರ್ (ಕ್ರ್ಯಾಂಕಿನ ಮುಂದೆ ನಡುಕ ತಗ್ಗಿಸುವ, ರಬ್ಬರ್ ಇರುವ ಚಕ್ರ) ಸಮೇತ ಕೊಡಿ. ಡ್ಯಾಂಪರ್ ಹಳೆಯದೇ ಬಳಸಿದೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ ಎಸ್‌ಎಫ್‌ಐ ಸುರಕ್ಷತಾ ಮುದ್ರೆಯ ಡ್ಯಾಂಪರ್ ಕೇಳುವುದು 10.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವ ಗಾಡಿಗೆ. ರಬ್ಬರ್ ಜಾರಿಲ್ಲವೆಂದು ಮಾತ್ರ ಖಾತ್ರಿ ಮಾಡಿಕೊಳ್ಳಿ: ಪಿಸ್ಟನ್ ಸ್ಟಾಪ್ ಹಾಕಿ 1ನೇ ಪಿಸ್ಟನ್ನಿನ ನಿಜವಾದ ಮೇಲ್ತುದಿ ಗುರುತಿಸಿ, ಡ್ಯಾಂಪರಿನ ಸೊನ್ನೆ ಗೆರೆ ಅದಕ್ಕೇ ಬರುತ್ತಿದೆಯೇ ನೋಡಿದರೆ ಸಾಕು.

ಪಿಸ್ಟನ್ ಹೈಪರ್‌ಯುಟೆಕ್ಟಿಕ್ (ಸಿಲಿಕಾನ್ ಹೆಚ್ಚಿರುವ ಅಲ್ಯುಮಿನಿಯಂ ಎರಕ), ಮೇಲ್ಮೈ ಚಪ್ಪಟೆ, ವಾಲ್ವ್ ಗುಳಿ 6 ಸಿಸಿ. ನೈಟ್ರಸ್ ಇಲ್ಲದ ಗಾಡಿಗೆ ಫೋರ್ಜ್ಡ್ ಬೇಕಿಲ್ಲ. ಆದರೆ ಈ ಜಾತಿಯ ಹಲವು ಪಿಸ್ಟನ್‌ಗಳಲ್ಲಿ ಟಾಪ್ ರಿಂಗ್ ತಲೆಗೆ ಹತ್ತಿರವಿದ್ದು ಹೆಚ್ಚು ಬಿಸಿಯಾಗಿ ಹಿಗ್ಗುತ್ತದೆ. ರಿಂಗ್ ಗ್ಯಾಪಿನ ಮಾಮೂಲಿ ಲೆಕ್ಕ ಬೋರಿನ ಇಂಚಿಗೆ 4ರಿಂದ 4.5 ಥೌ, ಅಂದರೆ 4.030 ಬೋರಿಗೆ 16ರಿಂದ 18 ಥೌ. ಇದಕ್ಕೆ ಜೊತೆಗೆ ಬರುವ ಚೀಟಿ ಇಂಚಿಗೆ 6.5 ಥೌ ಕೇಳುತ್ತಿತ್ತು. ಫೈಲ್ ಮಾಡಿ 26 ಥೌ ಇಟ್ಟೆ. ಚೀಟಿ ಓದದೆ 16 ಇಟ್ಟವರ ಪಿಸ್ಟನ್ ಅಂಚು ಹಾರುತ್ತದೆ, ಬೈಗುಳ ಪಿಸ್ಟನ್ ಮಾಡಿದವರಿಗೆ.

ಕಂಪ್ರೆಷನ್ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಳ್ಳಿ. 4.030 ಬೋರ್, 3.48 ಸ್ಟ್ರೋಕಿಗೆ ಒಂದು ಸಿಲಿಂಡರ್ 727 ಸಿಸಿ. ಡೆಕ್ ಕಡಿಯದ ಬ್ಲಾಕಿನಲ್ಲಿ ಪಿಸ್ಟನ್ ಸುಮಾರು 25 ಥೌ ಕೆಳಗೆ ನಿಲ್ಲುತ್ತದೆ. ಮಾಮೂಲಿ 41 ಥೌ ಗ್ಯಾಸ್ಕೆಟ್ ಹಾಕಿದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ 66 ಥೌ. ಇದು ಕೆಟ್ಟ ಅಳತೆ, ಕಂಪ್ರೆಷನ್ 9.6ಕ್ಕೆ ಇಳಿದರೂ ಡಿಟೊನೇಷನ್ ಬಿಡುವುದಿಲ್ಲ. ಡೆಕ್ ಕಡಿಸುವ ದುಡ್ಡು ಉಳಿಸಲು 15 ಥೌ ಸ್ಟೀಲ್ ಶಿಮ್ ಗ್ಯಾಸ್ಕೆಟ್ ಹಾಕಿದೆ. ಆಗ ಸರಿಯಾಗಿ 40 ಥೌ, ಕಂಪ್ರೆಷನ್ ಸುಮಾರು 10.3. ಎರಕದ ಹೆಡ್ಡಿಗೆ 93 ಆಕ್ಟೇನ್ ಪೆಟ್ರೋಲಿನಲ್ಲಿ ಇದೇ ಗಡಿ. ಈ ಗ್ಯಾಸ್ಕೆಟ್ ಹಿಡಿಯಬೇಕಾದರೆ ಹೆಡ್, ಡೆಕ್ ಎರಡೂ ಮೇಲ್ಮೈ ನಯವಾಗಿ, ಮಟ್ಟಸವಾಗಿ ಇರಲೇಬೇಕು.

ತೊಳೆಯುವ ಕೆಲಸಕ್ಕೆ ಸಮಯ ಕೊಡಿ, ದುಡ್ಡು ಬೇಕಾಗಿಲ್ಲ. ಎಣ್ಣೆ ಕಾಲುವೆಯ ಪ್ಲಗ್‌ಗಳನ್ನೆಲ್ಲ ತೆಗೆದು ಉದ್ದ ಬ್ರಶ್ಶಿನಿಂದ ಸೋಪು ನೀರಿನಲ್ಲಿ ಉಜ್ಜಿ. ಹಿಂದಿನ ಮೇನ್ ಕ್ಯಾಪಿನ ಅಡಿಯಲ್ಲಿ ಒಂದು ಪ್ಲಗ್ ಅಡಗಿದೆ. ತೆಗೆದವರು ಮರಳಿ ಹಾಕುವುದನ್ನು ಮರೆತರೆ ಎಣ್ಣೆ ಫಿಲ್ಟರನ್ನು ದಾಟದೆಯೇ ಬೇರಿಂಗಿಗೆ ಹೋಗುತ್ತದೆ. ಒಡೆದ ಎಂಜಿನ್ನಿನ ಆಯಿಲ್ ಕೂಲರ್ ಮತ್ತು ಲಿಫ್ಟರುಗಳನ್ನು ಎಸೆದುಬಿಡಿ, ಒಳಗಿನ ಪುಡಿ ಎಷ್ಟು ತೊಳೆದರೂ ಬರುವುದಿಲ್ಲ. ಹೆಡರ್ ಪೈಪನ್ನು ತಲೆಕೆಳಗು ಮಾಡಿ ಕುಟ್ಟಿದರೆ ಲೋಹದ ಚೂರು ಉದುರಬಹುದು.

ಜೋಡಣೆಯಲ್ಲಿ ಮೇನ್ ಬೇರಿಂಗಿಗೆ 2.5 ಥೌ, ರಾಡಿಗೆ 2.2ರ ಹತ್ತಿರ ಸಡಿಲ ಇಟ್ಟೆ. ಕ್ಯಾಪ್ ಪೂರ್ತಿ ಟಾರ್ಕ್ ಮಾಡಿ ಡಯಲ್ ಬೋರ್ ಗೇಜಿನಲ್ಲಿ ಅಳೆಯಬೇಕು. ರಾಡಿನ ದೊಡ್ಡ ಚ್ಯಾಂಫರ್ ಇರುವ ಬದಿ ಕ್ರ್ಯಾಂಕಿನ ಮೂಲೆಯ ಕಡೆಗೆ, ಚಪ್ಪಟೆ ಬದಿಗಳು ಪರಸ್ಪರ ಎದುರುಬದುರು; ತಿರುವಿ ಹಾಕಿದರೆ ಶೆಲ್ಲಿನ ಅಂಚು ಕ್ರ್ಯಾಂಕಿನ ಮೂಲೆಗೆ ಉಜ್ಜುತ್ತದೆ. ಆಯಿಲ್ ಪಂಪ್ ಮಾಮೂಲಿ ವಾಲ್ಯೂಮಿನದೇ, ಸ್ಪ್ರಿಂಗ್ ಮಾತ್ರ ಗಟ್ಟಿಯದು. ಹೈ ವಾಲ್ಯೂಮ್ ಪಂಪ್ ಬೇರಿಂಗ್ ಸಡಿಲ ಹೆಚ್ಚಿರುವ ಎಂಜಿನ್‌ಗೆ ಸರಿ, ಇಲ್ಲಿ ಪ್ಯಾನ್ ಬೇಗ ಬರಿದಾಗುತ್ತದೆ ಅಷ್ಟೇ. ಪಿಕಪ್ ಕೊಳವೆಯನ್ನು ಪಂಪಿಗೆ ಬ್ರೇಜ್ ಮಾಡಿಸಿ, ಒಳಗಿನ ಸ್ಪ್ರಿಂಗನ್ನು ಮೊದಲು ತೆಗೆದಿಟ್ಟು. ಬಿಸಿಗೆ ಸ್ಪ್ರಿಂಗ್ ಸತ್ತರೆ ಪ್ರೆಶರ್ ಬರುವುದಿಲ್ಲ. ಪಿಕಪ್ಪಿಗೂ ಪ್ಯಾನಿನ ತಳಕ್ಕೂ 3/8 ಇಂಚು ಬಿಡಬೇಕು. ಜೇಡಿಮಣ್ಣಿನ ಉಂಡೆ ಇಟ್ಟು ಒತ್ತಿ ಅಳೆದರೆ ಸುಲಭ. ಪ್ಯಾನ್ 7 ಕ್ವಾರ್ಟಿನದು, ಎಣ್ಣೆ ಮುಂದಕ್ಕೆ ಓಡದಂತೆ ತಡೆಯುವ ಕದ ಇರುವಂಥದ್ದು. ಇಡೀ ಬಜೆಟ್ಟಿನಲ್ಲಿ ಚೌಕಾಸಿ ಮಾಡದೆ ಕೊಂಡದ್ದು ಇದೊಂದೇ.

ಹೆಡ್ ವಿಷಯ ಚಿಕ್ಕದು. ಸ್ಟಾಕ್ ವೋರ್ಟೆಕ್ ಹೆಡ್ಡಿನಲ್ಲಿ ಲಿಫ್ಟ್ (ವಾಲ್ವ್ ಏಳುವ ಎತ್ತರ) 470 ಥೌ ದಾಟಿದರೆ ರಿಟೇನರ್ ಹೋಗಿ ಗೈಡಿಗೆ ಬಡಿಯುತ್ತದೆ. ಗೈಡ್ ತಲೆ ಕಡಿಸಿ, ಹೊಸ ಸ್ಪ್ರಿಂಗ್ ಹಾಕಿ 500ರ ಕ್ಯಾಮ್ ಕೂರಿಸಿದೆ. ಪಿಸ್ಟನ್ ಮತ್ತು ವಾಲ್ವ್ ನಡುವೆ ಇಂಟೇಕಿಗೆ ಕನಿಷ್ಠ 80, ಎಗ್ಸಾಸ್ಟಿಗೆ 100 ಥೌ. ಪೋರ್ಟಿಂಗ್ ಮಾಡಿಸಲಿಲ್ಲ. ಹೆಡ್ ಬೋಲ್ಟುಗಳು ನೀರಿನ ಜಾಕೆಟ್ಟಿಗೆ ಇಳಿಯುತ್ತವೆ, ಬೋಲ್ಟಿನ ಥ್ರೆಡ್‌ಗಳಿಗೆ ಸೀಲರ್ ಹಚ್ಚಿ ಮೂರು ಹಂತದಲ್ಲಿ 65 ಪೌಂಡ್-ಫೂಟ್. ಇಂಟೇಕ್ ಬೋಲ್ಟಿಗೆ 11 ಮಾತ್ರ. ಹಳೆ ಸ್ಮಾಲ್ ಬ್ಲಾಕಿನ ಅಭ್ಯಾಸದಲ್ಲಿ 30ಕ್ಕೆ ಎಳೆದರೆ ಗ್ಯಾಸ್ಕೆಟ್ ಹಿಂಡಿಹೋಗಿ ಗಾಳಿ ಸೋರುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ಜಾಗದಲ್ಲಿ ಪ್ರೈಮಿಂಗ್ ಟೂಲ್ ಇಳಿಸಿ, ಡ್ರಿಲ್ಲಿನಿಂದ ಪಂಪನ್ನು ಬಲಕ್ಕೆ ತಿರುಗಿಸಿ. ಪ್ರೆಶರ್ ಗೇಜ್ ಏರಿದರೆ ಸಾಲದು, ಕ್ರ್ಯಾಂಕನ್ನು ಕಾಲು ಸುತ್ತು ತಿರುಗಿಸುತ್ತಾ ಹದಿನಾರು ರಾಕರಿನಲ್ಲೂ ಎಣ್ಣೆ ಜಿನುಗುವುದನ್ನು ಕಣ್ಣಾರೆ ನೋಡಬೇಕು. ಒಟ್ಟು ಇಗ್ನಿಷನ್ ಟೈಮಿಂಗ್ 32 ಡಿಗ್ರಿ. ಈ ಹೆಡ್ ಬೇಗ ಉರಿಸುತ್ತದೆ, ಹಳೆಯದಕ್ಕೆ ಕೊಡುತ್ತಿದ್ದ 36 ಬೇಡ. ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿ, ಫಿಲ್ಟರನ್ನು ಕೊಯ್ದು ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ. ರಿಂಗ್ ಕೂರುವಾಗಿನ ಸಣ್ಣ ಬೂದು ಪುಡಿ ಇರಲಿ, ಪರವಾಗಿಲ್ಲ, ಅದು ಆಯಸ್ಕಾಂತಕ್ಕೆ ಅಂಟುತ್ತದೆ. ಅಂಟದೆ ಹೊಳೆಯುವ ತಗಡಿನಂಥ ಚೂರು ಕಂಡರೆ ಅದು ಬೇರಿಂಗಿನದು. ಪ್ಯಾನ್ ಬಿಚ್ಚದೆ ಟ್ರ್ಯಾಕಿಗೆ ಒಯ್ಯಬೇಡಿ.