ಡಬ್ಬಿ ನೊರೆ ಬಿಟ್ಟು ಬ್ರಷ್ಷು, ಬಿಲ್ಲೆ ಹಿಡಿಯುವವರಿಗೆ

ಗುಂಡಿ ಒತ್ತಿದರೆ ಬುಸ್ಸನೆ ನೊರೆ ಉಗುಳುವ ಶೇವಿಂಗ್ ಡಬ್ಬಿಯೊಳಗೆ ಬಹುಪಾಲು ಇರುವುದು ನೀರು. ಅದಕ್ಕೆ ಒಂದಿಷ್ಟು ಸೋಪು, ಸುವಾಸನೆ ಸೇರಿಸಿ, ಹೊರಕ್ಕೆ ತಳ್ಳಲು ಬ್ಯೂಟೇನ್, ಪ್ರೊಪೇನ್ ತುಂಬಿರುತ್ತಾರೆ. ಅಡುಗೆ ಸಿಲಿಂಡರಿನಲ್ಲಿರುವುದೂ ಇವೇ ಅನಿಲಗಳು. ನೊರೆಯೇನೋ ನೋಡಲು ಚೆನ್ನ. ಆದರೆ ಅದು ಕೆನ್ನೆಯ ಮೇಲೆ ಕೂರುತ್ತದೆಯೇ ಹೊರತು ಕೂದಲ ಬುಡಕ್ಕೆ ಇಳಿಯುವುದಿಲ್ಲ. ಬ್ರಷ್ಷಿನ ಕೆಲಸವೇ ಬೇರೆ. ಮಲಗಿದ ಕೂದಲನ್ನು ಎಬ್ಬಿಸುತ್ತದೆ, ಬುಡದ ಜಿಡ್ಡು ತೆಗೆಯುತ್ತದೆ, ಒಂದೊಂದು ಕೂದಲಿಗೂ ಸೋಪುನೀರು ಸುತ್ತುತ್ತದೆ. ನೀರು ಕುಡಿದ ಕೂದಲು ಬ್ಲೇಡಿಗೆ ಸುಲಭವಾಗಿ ಬಗ್ಗುತ್ತದೆ.

ಖರ್ಚಿನ ಲೆಕ್ಕವೂ ಸರಳ. ಒಂದು ಸಲದ ಶೇವಿಂಗಿಗೆ ಹೆಚ್ಚೆಂದರೆ 1 ಗ್ರಾಂ ಸೋಪು ಸಾಕು. 60 ಗ್ರಾಂ ಬಿಲ್ಲೆ ತಂದರೆ ದಿನಾ ಗಡ್ಡ ತೆಗೆಯುವವರಿಗೂ ಎರಡು ತಿಂಗಳು ದಾಟುತ್ತದೆ.

ಮೈಸೋಪು ಆಗುವುದಿಲ್ಲವೇ?

ಮೈಸೂರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಗಂಧದ ಸೋಪು ಬಚ್ಚಲಲ್ಲೇ ಇರುವಾಗ ಬೇರೆ ಏಕೆ? ಮೈಸೂರು ಸ್ಯಾಂಡಲ್ ಸ್ನಾನಕ್ಕೆ ಒಳ್ಳೆಯ ಸೋಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಸೋಪುಗಳೆಲ್ಲ ಮುಖ್ಯವಾಗಿ ಸೋಡಿಯಂ ಸೋಪುಗಳು. ಬೇಗ ನೊರೆ ಕೊಡುತ್ತವೆ, ಅಷ್ಟೇ ಬೇಗ ಇಳಿಯುತ್ತವೆ. ಎಡಗೆನ್ನೆ ಮುಗಿಸುವಷ್ಟರಲ್ಲಿ ಬಲಗೆನ್ನೆ ಒಣಗಿರುತ್ತದೆ. ರ್‍ಯಾಪರ್ ಮೇಲೆ ಬರೆದ ಟಿಎಫ್‌ಎಂ ಸೋಪಿನಲ್ಲಿರುವ ಕೊಬ್ಬಿನಂಶ ಎಷ್ಟೆಂದು ಹೇಳುತ್ತದೆ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದಲ್ಲ.

ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಮ್ಲ ಹೆಚ್ಚು, ಸೋಡಿಯಂ ಜೊತೆಗೆ ಪೊಟ್ಯಾಶಿಯಂ ಕ್ಷಾರವೂ ಇರುತ್ತದೆ. ಸ್ಟಿಯರಿಕ್‌ನಿಂದ ಗುಳ್ಳೆ ಸಣ್ಣದಾಗಿ, ಒತ್ತಾಗಿ ಬರುತ್ತದೆ. ಪೊಟ್ಯಾಶಿಯಂನಿಂದ ಸೋಪು ಮೆದುವಾಗಿ ನೀರಿಗೆ ಬೇಗ ಕರಗುತ್ತದೆ. ಗ್ಲಿಸರಿನ್ ತೇವ ಹಿಡಿದಿಡುತ್ತದೆ. ಕೊಳ್ಳುವಾಗ ಹೊದಿಕೆಯ ಮೇಲಿನ ಸಾಮಗ್ರಿ ಪಟ್ಟಿಯ ಮೊದಲ ನಾಲ್ಕೈದು ಹೆಸರು ಓದಿ. ಸ್ಟಿಯರಿಕ್ ಆಸಿಡ್ ಅಥವಾ ಪೊಟ್ಯಾಶಿಯಂ ಸ್ಟಿಯರೇಟ್ ಅಲ್ಲಿ ಕಾಣದಿದ್ದರೆ, ಹೊದಿಕೆಯ ಮೇಲೆ ಏನೇ ಬರೆದಿರಲಿ, ಅದು ಬಹುಮಟ್ಟಿಗೆ ಮೈಸೋಪಿನ ತಮ್ಮನೇ.

ಕೈಯಲ್ಲಿ ಮೈಸೋಪು ಬಿಟ್ಟು ಬೇರೇನೂ ಇಲ್ಲದ ದಿನ ಮೆಡಿಕಲ್ ಸ್ಟೋರಿನ ಗ್ಲಿಸರಿನ್ ಅನ್ನು ಅರ್ಧ ಟೀ ಚಮಚ ಬ್ರಷ್ಷಿಗೆ ಬಿಟ್ಟುಕೊಂಡು ನೊರೆ ಕಟ್ಟಿ. ತುಸು ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ.

ಮೊದಲು ನೀರು ನೋಡಿ

ಸೋಪು ಬದಲಿಸುವ ಮುನ್ನ ನೀರು ಬದಲಿಸಿ ನೋಡುವುದು ಜಾಣತನ. ನಲ್ಲಿಯಲ್ಲಿ ಕಾವೇರಿ ನೀರು ಬರುವ ಮನೆಗಳಲ್ಲಿ ತೊಂದರೆ ಕಡಿಮೆ. ಬೋರ್‌ವೆಲ್ ನಂಬಿದ ಬಡಾವಣೆಗಳಲ್ಲಿ, ಮಂಡ್ಯ ಕಡೆಯ ಹಳ್ಳಿಗಳಲ್ಲಿ ಗಡಸು ನೀರು ಸಿಕ್ಕರೆ ಎಂಥ ಸೋಪೂ ಸೋಲುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಕರಗದ ಬಿಳಿ ಕಿಟ್ಟವಾಗುತ್ತವೆ. ನೊರೆಯಾಗಬೇಕಾದ ಸೋಪು ಕಿಟ್ಟವಾಗಿ ಬಟ್ಟಲಿಗೆ ಅಂಟುತ್ತದೆ.

ಪರೀಕ್ಷೆ ಸುಲಭ. ಖಾಲಿ ಬಾಟಲಿಗೆ ಅರ್ಧದಷ್ಟು ನೀರು ತುಂಬಿ, ಕಡಲೆಕಾಳಿನಷ್ಟು ಸೋಪು ತುರಿದು ಹಾಕಿ, ಚೆನ್ನಾಗಿ ಅಲುಗಾಡಿಸಿ. ಮೇಲೆ ನೊರೆ ನಿಂತರೆ ನೀರು ಸರಿಯಿದೆ. ನೊರೆ ಇಲ್ಲದೆ ಚೂರುಚೂರು ತೇಲಿದರೆ ಗಡಸು. ಕುದಿಸಿ ಆರಿಸಿ ಸೋಸಿದರೆ ಒಂದು ಬಗೆಯ ಗಡಸುತನ ಮಾತ್ರ ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ನೊರೆ ಕಟ್ಟಲು ಬೇಕಾಗುವುದು ಎರಡು ಮೂರು ದೊಡ್ಡ ಚಮಚ ನೀರು ಅಷ್ಟೇ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನಿಂದ ಅರ್ಧ ಲೋಟ ಬಗ್ಗಿಸಿಕೊಂಡರೆ ಬ್ರಷ್ ನೆನೆಸಲೂ ನೊರೆಗೂ ಆಯಿತು. ಮುಖ ತೊಳೆಯಲು ಬೋರ್ ನೀರೇ ಇರಲಿ.

ನೊರೆ ಕಟ್ಟುವ ಕ್ರಮ

ಸ್ನಾನವಾದ ಮೇಲೆ ಶೇವ್ ಮಾಡುವುದು ಒಳ್ಳೆಯದು. ಆಗದಿದ್ದರೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಎರಡು ನಿಮಿಷ ಗಡ್ಡದ ಮೇಲಿಟ್ಟುಕೊಳ್ಳಿ. ಅಷ್ಟರಲ್ಲಿ ಬ್ರಷ್ ನೆನೆಯಲಿ. ಹಂದಿಕೂದಲಿನದಾದರೆ ನಾಲ್ಕೈದು ನಿಮಿಷ ಬೇಕು, ಸಿಂಥೆಟಿಕ್ ಆದರೆ ಅದ್ದಿ ತೆಗೆದರೆ ಸಾಕು. ಕುದಿಯುವ ನೀರು ಬೇಡ, ಬ್ರಷ್ಷಿನ ಬುಡದ ಅಂಟು ಬಿಡುತ್ತದೆ. ಸೋಪಿನ ಮೇಲೆ ಒಂದು ಟೀ ಚಮಚ ಬೆಚ್ಚನೆಯ ನೀರು ಬಿಟ್ಟಿಡಿ, ಮೇಲ್ಪದರ ಮೆತ್ತಗಾಗಲಿ.

ಈಗ ಆ ನೀರು ಚೆಲ್ಲಿ. ಬ್ರಷ್ಷನ್ನು ಮೂರ್ನಾಲ್ಕು ಸಲ ಕೊಡವಿ, ಸೋಪಿನ ಮೇಲೆ 20ರಿಂದ 30 ಸೆಕೆಂಡು ದುಂಡಗೆ ತಿರುಗಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ಗುಳ್ಳೆ ಕಂಡ ಕೂಡಲೇ ಸಾಕೆಂದು ನಿಲ್ಲಿಸುತ್ತಾರೆ. ಮೊದಲು ಏಳುವ ದೊಡ್ಡ ಗುಳ್ಳೆಗಳೆಲ್ಲ ಒಡೆದು, ಬ್ರಷ್ಷಿನ ತುದಿಗೆ ಗುಳ್ಳೆಯಿಲ್ಲದ ದಪ್ಪ ಲೇಪ ಹತ್ತುವ ತನಕ ತಿರುಗಿಸಬೇಕು.

ಆ ಲೇಪವನ್ನು ಅಗಲವಾದ ಸ್ಟೀಲ್ ಬಟ್ಟಲಿಗೆ ತಂದು, ಕಾಲು ಟೀ ಚಮಚದಷ್ಟೇ ನೀರು ಹನಿಸಿ ಹದಿನೈದು ಸೆಕೆಂಡು ಕಲಸಿ. ಮತ್ತೆ ನೀರು, ಮತ್ತೆ ಕಲಸಿ. ಹೀಗೆ ನಾಲ್ಕೈದು ಸಲ. ಮೊದಲು ಮಂಕಾಗಿದ್ದದ್ದು ಬರಬರುತ್ತಾ ಹೊಳೆಯುತ್ತದೆ. ಬ್ರಷ್ ಎತ್ತಿದರೆ ಗಟ್ಟಿ ಮೊಸರಿನ ಹಾಗೆ ತುದಿ ಬಾಗಿ ನಿಲ್ಲಬೇಕು. ಬೆರಳುಗಳ ನಡುವೆ ಉಜ್ಜಿದಾಗ ಜಾರಬೇಕು. ಎತ್ತರದ ನೊರೆಗಿಂತ ಈ ಜಾರುವಿಕೆ ಮುಖ್ಯ, ಬ್ಲೇಡನ್ನು ದಾಟಿಸುವುದು ಇದೇ.

ಸೋಪು ಕಡ್ಡಿಯ ರೂಪದಲ್ಲಿದ್ದರೆ ಒದ್ದೆ ಗಡ್ಡದ ಮೇಲೇ ಕೂದಲಿಗೆ ಎದುರಾಗಿ ಉಜ್ಜಿ, ಮುಖದ ಮೇಲೇ ನೊರೆ ಕಟ್ಟಬಹುದು. ಬಟ್ಟಲು ಇಷ್ಟಪಡುವವರು ಆ ಕಡ್ಡಿಯನ್ನು ತುರಿಮಣೆಯಲ್ಲಿ ತುರಿದು, ಕೆಲವು ಹನಿ ಬಿಸಿನೀರು ಚಿಮುಕಿಸಿ, ಚಿಕ್ಕ ಬಟ್ಟಲಿಗೆ ಹೆಬ್ಬೆರಳಿನಿಂದ ಒತ್ತಿ ಎರಡು ದಿನ ಆರಲು ಬಿಡಲಿ. ಬ್ರಷ್ ಆಡಲು ಜಾಗ ಸಿಗುತ್ತದೆ.

ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರಲಿ, ಭಾರ ಹಾಕಬೇಡಿ. ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೆ. ಎರಡನೆಯದು ಅಡ್ಡಡ್ಡ, ಮತ್ತೆ ನೊರೆ ಹಚ್ಚಿಕೊಂಡ ಮೇಲೆ ಮಾತ್ರ. ಕತ್ತಿನಲ್ಲಿ ಕೂದಲು ಸುಳಿಯಾಗಿ ಬೆಳೆಯುವುದರಿಂದ ಮೊದಲು ಬೆರಳಾಡಿಸಿ ದಿಕ್ಕು ತಿಳಿದುಕೊಳ್ಳಿ.

ಕೆಡುವುದು ಎಲ್ಲಿ

ಗುಳ್ಳೆ ದೊಡ್ಡದಾಗಿ ಪುಸಪುಸನೆ ಒಡೆದರೆ ಸೋಪು ಕಡಿಮೆಯಾಗಿದೆ, ಇಲ್ಲವೇ ನೀರನ್ನು ಒಮ್ಮೆಲೇ ಸುರಿದಿದ್ದೀರಿ. ಬ್ರಷ್ಷನ್ನು ಮತ್ತೆ ಸೋಪಿನ ಮೇಲೆ ತಿರುಗಿಸಿ. ನೊರೆ ಹಚ್ಚಿದ ನಿಮಿಷದೊಳಗೆ ಒಣಗಿ ಬಿಗಿಯುತ್ತಿದ್ದರೆ ನೀರು ಸಾಲದು, ಬ್ರಷ್ಷಿನ ತುದಿಯನ್ನಷ್ಟೇ ಅದ್ದಿ ಮುಖದ ಮೇಲೇ ತಿರುಗಿಸಿ. ಕೊಬ್ಬರಿ ಎಣ್ಣೆ ಮೊದಲೇ ಹಚ್ಚಿಕೊಳ್ಳುವ ಅಭ್ಯಾಸವಿದ್ದರೆ ಎರಡು ಹನಿಗೆ ನಿಲ್ಲಿಸಿ, ಹೆಚ್ಚಾದರೆ ನೊರೆ ಕುಸಿಯುತ್ತದೆ. ಉರಿ ಬಂದರೆ ಬ್ಲೇಡಿನದೋ ಸುವಾಸನೆಯದೋ ತಿಳಿಯಲು ಅದೇ ನೊರೆಯನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ ತೊಳೆದು, ಒಂದು ದಿನ ಕಾದು ನೋಡಿ.

ಟ್ಯೂಬಿನ ಶೇವಿಂಗ್ ಕ್ರೀಮು ಅವಸರದ ಬೆಳಗಿಗೆ ಒಳ್ಳೆಯ ಬದಲಿ. ನೆಲಗಡಲೆ ಬೀಜದಷ್ಟು ಸಾಕು, ಟ್ಯೂಬಿನ ಜಾಹೀರಾತಿನಲ್ಲಿ ತೋರಿಸುವಷ್ಟು ಬೇಡ. ಲೋಳೆಸರದ ತಿರುಳು ಚೆನ್ನಾಗಿ ಜಾರುತ್ತದೆ, ಆದರೆ ಕತ್ತರಿಸಿದಾಗ ಒಸರುವ ಹಳದಿ ರಸವನ್ನು ಪೂರ್ತಿ ಹರಿಯಬಿಟ್ಟು ತೊಳೆದ ಮೇಲೆ ಬಳಸಿ, ಅದು ತುರಿಸುತ್ತದೆ. ಅಂಟುವಾಳದ ನೊರೆ ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಗಡ್ಡಕ್ಕೆ ಅದು ಬೇಡ.

ಕೊನೆಗೆ ತಣ್ಣೀರಲ್ಲಿ ತೊಳೆದು, ಒದ್ದೆ ಮುಖಕ್ಕೆ ಪಟಿಕದ ಕಲ್ಲು ಆಡಿಸಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಲಿನ, ಮಂಡ್ಯದ ಪೇಟೆ ಬೀದಿಯ ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿ. ಚೂಪು ಅಂಚನ್ನು ನೀರು ಹಾಕಿ ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಳ್ಳಬೇಕು. ರಕ್ತ ತಾಗುವ ವಸ್ತುವಾದ್ದರಿಂದ ಮನೆಯಲ್ಲೂ ಒಬ್ಬರ ಪಟಿಕ ಇನ್ನೊಬ್ಬರಿಗಲ್ಲ. ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡು ಕೇಳುವವರು ಪಟಿಕದ ವಿಷಯವನ್ನು ಮರೆತೇಬಿಡುತ್ತಾರೆ.

ಬ್ರಷ್ಷನ್ನು ಸೋಪು ಬಿಡುವ ತನಕ ತೊಳೆದು, ಕೊಡವಿ, ಗಾಳಿಯಾಡುವ ಕಡೆ ಇಡಿ, ಮುಚ್ಚಿದ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಸೋಪಿನ ಬಟ್ಟಲಲ್ಲಿ ನೀರು ನಿಲ್ಲದಿರಲಿ. ಹಳೆಯ ಬ್ಲೇಡುಗಳನ್ನು ಮುಚ್ಚಳಕ್ಕೆ ಸೀಳು ಮಾಡಿದ ತಗಡಿನ ಡಬ್ಬಿಯಲ್ಲಿ ಕೂಡಿಡಿ. ಬಿಡಿ ಬ್ಲೇಡು ಕಸದಲ್ಲಿದ್ದರೆ ಕುಯ್ಯುವುದು ಪೌರಕಾರ್ಮಿಕರ ಕೈಯನ್ನು. ಮನೆಯಲ್ಲಿ ಉಳಿದ ನೊರೆ ಡಬ್ಬಿ ಖಾಲಿಯಾಗಿದೆ ಎಂದು ಚುಚ್ಚುವುದು, ಕಸದ ಬೆಂಕಿಗೆ ಎಸೆಯುವುದು ಬೇಡ. ಒಳಗೆ ಉಳಿದ ಅನಿಲಕ್ಕೆ ಬೆಂಕಿ ಹತ್ತಿ ಸಿಡಿಯುತ್ತದೆ.